ಒಂದ್ ಲೈನ್ ಕೊಡ್ತೀರಾ?

ಕೇಳಿದವರಿಗೆ ಇಲ್ಲ ಅನ್ನದೆ ಕೊಡುವ ಪದ್ಧತಿ ನಮ್ಮ ಬಸವೇಶ್ವರನಗರ, ರಾಜಾಜಿನಗರ, ವಿಜಯನಗರದ ಕಡೆ ಎರಡು ವಸ್ತುಗಳಿಗೆ ಇದೆ. ಒಂದು ಕರಿಬೇವು, ಇನ್ನೊಂದು ಕರೆಂಟು.

ಕರಿಬೇವಿನಿಂದ ಯಾರಿಗೂ ಅಪಾಯ ಇಲ್ಲ, ಬಿಡಿ. ಕರೆಂಟಿನ ಕಥೆ ಬೇರೆ. ಗಣೇಶ ಕೂರಿಸುವ ಹುಡುಗರು, ಅಣ್ಣಮ್ಮನನ್ನು ಕೂರಿಸುವವರು, ನವೆಂಬರ್‌ನಲ್ಲಿ ರಾಜ್ಯೋತ್ಸವ ಮಾಡುವವರು, ಗೃಹಪ್ರವೇಶಕ್ಕೆ ಸೀರಿಯಲ್ ಸೆಟ್ ಹಾಕುವವರು... ಎಲ್ಲರೂ ಗೇಟಿನ ಹತ್ತಿರ ನಿಂತು ಕೇಳೋದು ಒಂದೇ ಮಾತು, "ಆಂಟೀ, ಒಂದ್ ಲೈನ್ ಕೊಡ್ತೀರಾ?" ದೊಡ್ಡ ಪೆಂಡಾಲಿನವರು ಬೆಸ್ಕಾಂಗೆ ಅರ್ಜಿ ಹಾಕಿ ತಾತ್ಕಾಲಿಕ ಸಂಪರ್ಕ ತಗೋತಾರೆ. ಸಣ್ಣಪುಟ್ಟವರಿಗೆ ಆಂಟಿಯೇ ಬೆಸ್ಕಾಂ. ಆಂಟಿ ಹೂಂ ಅಂದರೆ ಕಿಟಕಿಯಿಂದ ಒಂದು ವೈರು ಒಳಗೆ ಬರುತ್ತೆ. ಅದರ ತುದಿಗೆ ಪ್ಲಗ್ ಇರೋದಿಲ್ಲ. ಸಿಪ್ಪೆ ಸುಲಿದ ಎರಡು ತಂತಿಗಳನ್ನು ಸಾಕೆಟ್ಟಿನ ಎರಡು ತೂತಿಗೆ ತುರುಕಿ, ಬೀಳದಿರಲಿ ಅಂತ ಎರಡು ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಲೈಟ್ ಹತ್ತಿತಾ? ಹತ್ತಿತು. ಮೈಕ್ ಕೂಗಿತಾ? ಕೂಗಿತು. ಸರಿ ಹಾಗಾದ್ರೆ!

ಅದೇ ಸಾಕೆಟ್ಟಿನ ಮೇಲುಗಡೆ ಮೂರನೆಯದೊಂದು ದಪ್ಪ ತೂತು ಇದೆಯಲ್ಲ, ಅದಕ್ಕೆ ಯಾರೂ ಏನೂ ಹಾಕೋದಿಲ್ಲ. ಹಾಕದಿದ್ದರೂ ಲೈಟು ಉರಿಯುತ್ತಲ್ಲ! ನಾನು ಹೇಳಹೊರಟಿರೋದು ಆ ಮೂರನೇ ತೂತಿನ ವಿಷಯ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಗೇಟಿನ ಹತ್ತಿರ ಲೈನ್ ಕೇಳಿ ನಿಂತಿದ್ದು ಗಣೇಶನ ಹುಡುಗರಲ್ಲ, ನಮ್ಮ ಭಾವ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿರುವ ಭಾವನಿಗೆ ಐವತ್ತು ದಾಟಿದ ಮೇಲೆ ಊರು ಸುತ್ತುವ ಹುಚ್ಚು ಹಿಡಿದಿದೆ. ಒಂದು ಹಳೇ ಟೆಂಪೋ ಟ್ರಾವೆಲರ್ ಕೊಂಡು, ಸೀಟೆಲ್ಲ ಕೀಳಿಸಿ, ಎರಡು ಮಂಚ, ಪುಟಾಣಿ ಫ್ರಿಜ್ಜು, ಇಂಡಕ್ಷನ್ ಒಲೆ, ಮೂಲೆಯಲ್ಲೊಂದು ಸಿಂಕು ಎಲ್ಲ ಕೂರಿಸಿಕೊಂಡಿದ್ದಾರೆ. ನಮ್ಮಲ್ಲಿ ಕ್ಯಾರವಾನ್ ಅಂದರೆ ಸಿನಿಮಾದವರದ್ದು ಅಂತಲೇ ಲೆಕ್ಕ. ಕಂಠೀರವ ಸ್ಟುಡಿಯೋ ಕಡೆ ಅಂಥ ಗಾಡಿ ನಿಂತಿದ್ದರೆ "ಹೀರೋ ಒಳಗಿದ್ದಾರಂತೆ" ಅಂತ ಜನ ಗುಂಪು ಕಟ್ಟುತ್ತಾರಲ್ಲ, ಅದು. ನಮ್ಮ ಬೀದಿ ಮಕ್ಕಳೂ ಭಾವನ ವ್ಯಾನ್ ಸುತ್ತ ನಿಂತು "ಯಾವ ಪಿಕ್ಚರ್ರು?" ಅಂತ ಕೇಳಿದವು. ಒಳಗಿಂದ ಲುಂಗಿ ಎತ್ತಿ ಕಟ್ಟಿಕೊಂಡು ಭಾವ ಇಳಿದಾಗ ಪಾಪ, ಭಾರೀ ನಿರಾಸೆಯಾಯಿತು ಅವಕ್ಕೆ :-)

ಅವರು ಬಂದಿದ್ದು ತಿರುಗಾಟಕ್ಕಲ್ಲ. ಭಾವನ ತಾಯಿಗೆ ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಇತ್ತು. ಅವರನ್ನು ನಾವೆಲ್ಲ ಅಜ್ಜಿ ಅಂತಲೇ ಕರೆಯೋದು. ನಮ್ಮದು ಎರಡು ರೂಮಿನ ಬಾಡಿಗೆ ಮನೆ. "ನಾವು ವ್ಯಾನಲ್ಲೇ ಮಲಗ್ತೀವಿ, ನಿಮಗ್ಯಾಕೆ ತೊಂದರೆ" ಅಂತ ಅಕ್ಕ ಮೊದಲೇ ಹೇಳಿದ್ದಳು. ಅಜ್ಜಿಗೆ ಸಕ್ಕರೆ ಕಾಯಿಲೆ, ಅವರ ಇನ್ಸುಲಿನ್ ವ್ಯಾನಿನ ಫ್ರಿಜ್ಜಿನಲ್ಲಿತ್ತು. ಮೂರು ದಿನದಿಂದ ಬಿಡದ ಮೋಡ, ಮೇಲಿನ ಸೋಲಾರ್ ಪ್ಲೇಟಿಗೆ ಬಿಸಿಲೇ ಇಲ್ಲ, ಬ್ಯಾಟರಿ ಮಲಗಿತ್ತು. ಹೊರಗಿನಿಂದ ಕರೆಂಟ್ ತಗೊಂಡರೆ ಮಾತ್ರ ಫ್ರಿಜ್ಜು ಓಡುತ್ತೆ ಅನ್ನೋ ಸ್ಥಿತಿ.

"ಒಂದ್ ಲೈನ್ ಕೊಡು ಮಾರಾಯ" ಅಂದರು ಭಾವ. ಕೈಯಲ್ಲಿ ಸುರುಳಿ ಸುತ್ತಿದ ವೈರು. ನಾನು ನೋಡಿದ್ದು ಅದರ ತುದಿಗಳನ್ನು. ಎರಡೂ ತುದಿಗೂ ಮೂರು ಪಿನ್ನಿನ ಪ್ಲಗ್ಗು! ವ್ಯಾನಿನ ಪಕ್ಕದಲ್ಲಿ ಒಂದು ಮಾಮೂಲಿ ಸಾಕೆಟ್ ಕೂರಿಸಿದ್ದಾರೆ. ಮನೆಯ ಸಾಕೆಟ್ಟಿಗೆ ಒಂದು ಪ್ಲಗ್ಗು, ವ್ಯಾನಿನ ಸಾಕೆಟ್ಟಿಗೆ ಇನ್ನೊಂದು. ಯೋಚನೆ ಮಾಡಿ, ಮನೆ ಕಡೆ ಸ್ವಿಚ್ ಹಾಕಿದ ಮೇಲೆ ಈ ಕಡೆಯ ಪ್ಲಗ್ ಕಳಚಿ ಬಂದರೆ, ಕೈಯಲ್ಲಿರೋ ಹಿತ್ತಾಳೆ ಪಿನ್ನುಗಳಲ್ಲಿ 230 ವೋಲ್ಟು ಬರಿಮೈಯಲ್ಲಿ ನಿಂತಿರುತ್ತೆ. ಮಗುವೋ ನಾಯಿಯೋ ಎಡವಿದರೂ ಸಾಕು.

ಅಷ್ಟರಲ್ಲಿ ಅಕ್ಕ ಇನ್ನೊಂದು ಮಾತು ಹೇಳಿದಳು. "ಸಕಲೇಶಪುರದ ಹತ್ರ ಒಂದು ತೋಟದಲ್ಲಿ ನಿಲ್ಲಿಸಿದ್ವಿ ಕಣೋ. ಅಲ್ಲಿ ಲೈನ್ ತಗೊಂಡಾಗ ವ್ಯಾನಿನ ಮೆಟ್ಟಿಲು ಮುಟ್ಟಿದ್ರೆ ಜುಮ್ ಅನ್ನೋದು. ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗ್ತಿರ್ಲಿಲ್ಲ."

ಚಪ್ಪಲಿ ಹಾಕಿಕೊಂಡರೆ ಏನೂ ಆಗ್ತಿರಲಿಲ್ಲ! ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು. ನಾಳೆ ಆಪರೇಷನ್ ಆಗಿ, ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮಳೆಯಲ್ಲಿ ನೆಂದ ರಸ್ತೆಯಲ್ಲಿ ಬರಿಗಾಲಲ್ಲಿ ನಿಂತು, ಅದೇ ಮೆಟ್ಟಿಲಿನ ಸ್ಟೀಲ್ ಹಿಡಿ ಹಿಡಿದು ಹತ್ತುವವರು ಎಪ್ಪತ್ತೆಂಟರ ಅಜ್ಜಿ.

"ಭಾವ, ಇವತ್ತು ರಾತ್ರಿ ಲೈನ್ ಕೊಡಲ್ಲ. ಇನ್ಸುಲಿನ್ ನಮ್ಮ ಫ್ರಿಜ್ಜಲ್ಲಿಡೋಣ, ಅಜ್ಜಿ ಹಾಲಲ್ಲಿ ದಿವಾನ್ ಮೇಲೆ ಮಲಗಲಿ" ಅಂದೆ. ಭಾವನ ಮುಖ ಸಣ್ಣದಾಯಿತು. "ಒಂದು ಪ್ಲಗ್ ಕೊಡೋಕೆ ಇಷ್ಟೊಂದು ರಾದ್ಧಾಂತನಾ? ಕರೆಂಟ್ ಬಿಲ್ ಬೇಕಾದ್ರೆ ನಾನೇ ಕೊಡ್ತೀನಪ್ಪಾ" ಅಂದುಬಿಟ್ಟರು. ಬಾವಮೈದ ಜಿಪುಣ ಅಂತ ತಿಪಟೂರಿನಲ್ಲೆಲ್ಲ ಸುದ್ದಿಯಾದರೂ ಆಗಲಿ ಅಂತ ನಾನು ಸುಮ್ಮನಾದೆ. ಅವರು ಆ ರಾತ್ರಿ ಫ್ಯಾನಿಲ್ಲದ ವ್ಯಾನಿನಲ್ಲೇ ಮಲಗಿ ಪ್ರತಿಭಟನೆ ಮಾಡಿದರು.

ಬೆಳಿಗ್ಗೆ ನಾನು ಹೋಗಿ ಕರೆದುಕೊಂಡು ಬಂದಿದ್ದು ಕೆಇಬಿ ತಾತನನ್ನು. ನಮ್ಮ ಬೀದಿಯ ಕೊನೇ ಮನೆಯವರು, ಲೈನ್‌ಮನ್ ಆಗಿ ನಿವೃತ್ತರಾದವರು. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲೇ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಬಂತು. ಆದರೆ ನಮ್ಮ ಬೀದಿಗೆ ಅವರು ಈಗಲೂ ಕೆಇಬಿ ತಾತ. ತಾತ ತಂದಿದ್ದು ಒಂದು ಹಳೇ ಟೆಸ್ಟ್ ಲ್ಯಾಂಪು. ಹೋಲ್ಡರಿಗೆ ಸಿಕ್ಕಿಸಿದ ಒಂದು ತಂತಿ ಬಲ್ಬು, ಅದರಿಂದ ಇಳಿದ ಎರಡು ವೈರು, ಅಷ್ಟೇ. ಇದನ್ನು ನೀವು ಮನೆಯಲ್ಲಿ ಮಾಡೋಕೆ ಹೋಗಬೇಡಿ, ತಾತ ಇದರಲ್ಲೇ ಮೂವತ್ತೈದು ವರ್ಷ ಕಳೆದವರು.

ಮೊದಲು ಅವರು ನೋಡಿದ್ದು ವ್ಯಾನನ್ನಲ್ಲ, ನಮ್ಮ ಮನೆಯನ್ನು. ಗೇಟಿನ ಹತ್ತಿರದ ಪವರ್ ಸಾಕೆಟ್ಟಿನ ಬಲಗಡೆಯ ತೂತು ಫೇಸು, ಎಡಗಡೆಯದು ನ್ಯೂಟ್ರಲ್ಲು. ಆ ಎರಡಕ್ಕೂ ಇಟ್ಟರು, ಬಲ್ಬು ಝಗ್ ಅಂತ ಉರಿಯಿತು. ಆಮೇಲೆ ಫೇಸಿಗೊಂದು, ಮೇಲಿನ ಅರ್ತಿಗೊಂದು ಇಟ್ಟರು. ಕತ್ತಲೆ. ಇನ್ನೊಮ್ಮೆ ಇಟ್ಟರು. ಕತ್ತಲೆ.

"ನಿಮ್ ಮನೇಲಿ ಅರ್ತಿಂಗೇ ಇಲ್ವಲ್ಲಪ್ಪಾ" ಅಂದರು ತಾತ, ಇಷ್ಟು ದಿನ ಹೇಗೆ ಬದುಕಿದ್ದೀರಿ ಅನ್ನೋ ದನಿಯಲ್ಲಿ.

ಹುಡುಕಿದಾಗ ಕಾರಣ ಸಿಕ್ಕಿತು. ಹಳೇ ಕಾಲದ ಎಷ್ಟೋ ಮನೆಗಳಲ್ಲಿ ಅರ್ತ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿಬಿಡುತ್ತಿದ್ದರು. ಪೈಪು ನೆಲದೊಳಗೆ ಹೋಗುತ್ತಲ್ಲ, ಅದೇ ಅರ್ತು. ನಮ್ಮ ಮನೆಯಲ್ಲೂ ಹಾಗೇ ಇತ್ತು. ನಾವು ಬಾಡಿಗೆಗೆ ಬರೋಕೆ ಮುಂಚೆ ಓನರ್ ಆ ತುಕ್ಕು ಪೈಪೆಲ್ಲ ತೆಗೆಸಿ ಪಿವಿಸಿ ಹಾಕಿಸಿದ್ದರು. ಅರ್ತ್ ತಂತಿ ಮಾತ್ರ ಗೋಡೆಯಲ್ಲಿ ಉಳಿದಿದ್ದ ಎರಡಡಿ ಕಬ್ಬಿಣದ ತುಂಡಿಗೆ ನಿಷ್ಠೆಯಿಂದ ಅಂಟಿಕೊಂಡಿತ್ತು. ಆ ತುಂಡಿನ ಆಚೆ ಪ್ಲಾಸ್ಟಿಕ್ಕು. ನಲ್ಲಿಯಲ್ಲಿ ನೀರು ಚೆನ್ನಾಗಿ ಬಂತು, ಲೈಟು ಚೆನ್ನಾಗಿ ಉರಿಯಿತು, ಗೀಸರ್ ಕಾಯಿತು, ವಾಷಿಂಗ್ ಮಷೀನ್ ತಿರುಗಿತು. ಅರ್ತ್ ಸತ್ತಿದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಫೇಸ್ ಹೋದರೆ ಮನೆ ಕತ್ತಲಾಗುತ್ತೆ, ನ್ಯೂಟ್ರಲ್ ಹೋದರೂ ಕತ್ತಲಾಗುತ್ತೆ. ಅರ್ತ್ ಹೋದರೆ ಏನೂ ಆಗಲ್ಲ. ಏನೂ ಆಗದಿರೋದೇ ಅದರ ದೊಡ್ಡ ಅಪಾಯ.

ಭಾವ ಅಷ್ಟು ಹೊತ್ತಿಗೆ ಸಿಟ್ಟು ಮರೆತು ಹತ್ತಿರ ಬಂದಿದ್ದರು. ತಾತ ಅವರಿಗೆ ವ್ಯಾನಿನ ವಿಷಯ ಬಿಡಿಸಿ ಹೇಳಿದರು. ಮನೆ ನೆಲದ ಮೇಲೆ ಕೂತಿದೆ. ವ್ಯಾನು ರಬ್ಬರ್ ಟೈರಿನ ಮೇಲೆ ನಿಂತಿದೆ. ಒಳಗೆ ಎಲ್ಲೋ ಫೇಸ್ ವೈರು ತಗಡಿಗೆ ತಾಗಿತು ಅನ್ನಿ. ಆ ಕರೆಂಟಿಗೆ ಇಳಿದುಹೋಗಲು ದಾರಿಯಿಲ್ಲ. ಫ್ಯೂಸ್ ಹೋಗಲ್ಲ, ಕಿಡಿ ಬರಲ್ಲ, ವಾಸನೆ ಬರಲ್ಲ. ಇಡೀ ವ್ಯಾನಿನ ಮೈ 230 ವೋಲ್ಟಿನಲ್ಲಿ ಸುಮ್ಮನೆ ಕಾಯ್ತಾ ಇರುತ್ತೆ. ಒಳಗೆ ಇರುವವರಿಗೂ ಏನೂ ಆಗಲ್ಲ, ಅವರೂ ಅದೇ ವೋಲ್ಟೇಜಿನಲ್ಲಿರ್ತಾರೆ. ಒಂದು ಕಾಲು ಒದ್ದೆ ನೆಲದ ಮೇಲಿಟ್ಟು, ಕೈಯಲ್ಲಿ ಬಾಗಿಲು ಹಿಡಿದವರೇ ಆ ದಾರಿ.

"ಹಂಗಾದ್ರೆ ಅಲ್ಲಿ ನಮಗೆ ಬರೀ ಜುಮ್ ಅಂದಿದ್ದು ಯಾಕೆ?" ಅಂತ ಅಕ್ಕ ಕೇಳಿದಳು. ಒಳ್ಳೆ ಪ್ರಶ್ನೆ. ಈಗಿನ ಬ್ಯಾಟರಿ ಚಾರ್ಜರು, ಅಡಾಪ್ಟರುಗಳ ಒಳಗೆ ಫಿಲ್ಟರ್ ಕೆಪಾಸಿಟರ್ ಅಂತ ಇರುತ್ತೆ. ಅರ್ತ್ ಇಲ್ಲದಿದ್ದರೆ ಅದರಿಂದ ಬಾಡಿಗೆ ಸುಮಾರು ಅರ್ಧ ವೋಲ್ಟೇಜು, ಅಂದರೆ 115ರ ಆಸುಪಾಸು ಬಂದು ಕೂರುತ್ತೆ. ಕರೆಂಟು ಮಾತ್ರ ತೀರಾ ಕಡಿಮೆ, ಹಾಗಾಗಿ ಬರೀ ಜುಮ್. ಅದು ಸಾಯಿಸಲ್ಲ. ಆದರೆ ಅದು ಅರ್ತ್ ಇಲ್ಲ ಅಂತ ಹೇಳುತ್ತೆ. ಅದೂ ಅಲ್ಲದೆ, ಇವತ್ತಿನ ಜುಮ್ ಚಾರ್ಜರಿನದ್ದೋ, ಸಿಪ್ಪೆ ಕಿತ್ತ ವೈರಿನದ್ದೋ ಅಂತ ಬೆರಳಿಗೆ ಗೊತ್ತಾಗೋದಿಲ್ಲ.

ನಮ್ಮದು ಯಾವುದು ಅಂತ ಮಧ್ಯಾಹ್ನ ಗೊತ್ತಾಯಿತು. ತಾತ ತಮ್ಮ ಪರಿಚಯದ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಆತ ಮೆಗ್ಗರ್ ಹಚ್ಚಿ ನೋಡಿ, "ಒಂದು ಲೈನಲ್ಲಿ ಇನ್ಸುಲೇಷನ್ ವೀಕಿದೆ ಸಾರ್" ಅಂತ ಹೇಳಿ, ಮಂಚದ ಹಿಂದಿನ ಪ್ಲೈವುಡ್ ಬಿಚ್ಚಿದ. ವ್ಯಾನ್ ಕಟ್ಟಿದವರು ತಗಡಿನಲ್ಲಿ ತೂತು ಕೊರೆದು ವೈರನ್ನು ಹಾಗೇ ತೂರಿಸಿದ್ದರು, ರಬ್ಬರ್ ಗ್ರಾಮೆಟ್ ಹಾಕಿರಲಿಲ್ಲ. ಗಾಡಿ ಅಲುಗಾಡಿದಂತೆಲ್ಲ ತಗಡಿನ ಅಂಚು ಕತ್ತಿಯ ಹಾಗೆ ವೈರನ್ನು ತೇಯ್ದಿತ್ತು. ಕೆಂಪು ಸಿಪ್ಪೆ ಹೋಗಿ ಒಳಗಿನ ತಾಮ್ರ ಹೊಳೀತಾ ಇತ್ತು. ತಗಡಿಗೂ ಅದಕ್ಕೂ ಕೂದಲೆಳೆಯಷ್ಟು ದೂರ. ಇನ್ನೊಂದು ಶಿರಾಡಿ ಘಾಟಿ ಇಳಿದಿದ್ದರೆ ಆ ಕೂದಲೆಳೆಯೂ ಉಳೀತಿರಲಿಲ್ಲ.

ಭಾವ ಅದನ್ನು ಬಗ್ಗಿ ನೋಡಿದರು. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹೊರಗೆ ಹೋಗಿ ಆ ಎರಡು ಪ್ಲಗ್ಗಿನ ವೈರನ್ನು ಕತ್ತರಿಸಿ ಎಸೆದು ಬಂದರು.

ಮುಂದಿನ ಎರಡು ದಿನ ನಮ್ಮ ಮನೆ ಮುಂದೆ ಗುಂಡಿ ತೋಡುವ ಕೆಲಸ. ಓನರ್ ಒಳ್ಳೆಯವರು, ಸಂಗತಿ ಹೇಳಿದ ತಕ್ಷಣ "ಖರ್ಚು ನಂದು, ಮೊದ್ಲು ಮಾಡ್ಸಿ" ಅಂದರು. ಎಂಟಡಿಗೂ ಮಿಗಿಲಾದ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ಮನೆಯ ಬೋರ್ಡಿಗೆ ಹೊಸ ತಂತಿ ಎಳೆದರು. ಬೋರ್ಡಿನಲ್ಲಿ ಒಂದು 30 ಮಿಲಿ ಆಂಪಿನ ಆರ್‌ಸಿಸಿಬಿ ಕೂರಿಸಿದರು.

ಈ ಆರ್‌ಸಿಸಿಬಿ ಬಗ್ಗೆ ಒಂದು ಮಾತು. ಎಂಸಿಬಿ ಇದೆಯಲ್ಲ ಸಾಕು ಅಂತ ಬಹಳ ಜನ ಅಂದುಕೊಂಡಿರ್ತಾರೆ. ಎಂಸಿಬಿ ಕಾಯೋದು ವೈರನ್ನು, ನಮ್ಮನ್ನಲ್ಲ. 16 ಆಂಪಿನ ಎಂಸಿಬಿ ಅಂದರೆ 16,000 ಮಿಲಿ ಆಂಪು. ಮನುಷ್ಯನ ಎದೆ ಬಡಿತ ಕೆಡಿಸಲು ಕೆಲವು ಹತ್ತು ಮಿಲಿ ಆಂಪು ಸಾಕು. 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯೋದೇ 40 ಮಿಲಿ ಆಂಪಿನಷ್ಟು! ಅಂದರೆ ಒಬ್ಬ ಮನುಷ್ಯ ಶಾಕ್ ಹೊಡೆದು ಒದ್ದಾಡುತ್ತಿದ್ದರೂ ಎಂಸಿಬಿ ಲೆಕ್ಕದಲ್ಲಿ ಯಾರೋ ಒಂದೆರಡು ಸಣ್ಣ ಬಲ್ಬು ಹಾಕಿದ್ದಾರೆ ಅಷ್ಟೇ. ಆರ್‌ಸಿಸಿಬಿ ಹಾಗಲ್ಲ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಅಂತ ಲೆಕ್ಕ ಇಡುತ್ತೆ. 30 ಮಿಲಿ ಆಂಪಿನಷ್ಟು ಲೆಕ್ಕ ತಪ್ಪಿದರೆ ಕಣ್ಣು ಮಿಟುಕಿಸುವುದರೊಳಗೆ ಕಟ್.

"ಅದಿದ್ರೆ ಅರ್ತಿಂಗ್ ಯಾಕೆ?" ಅಂತ ಭಾವ ಕೇಳಿದರು. ತಾತ ನಕ್ಕರು. "ಅರ್ತಿಂಗ್ ಇಲ್ದಿದ್ರೂ ಅದು ಕಟ್ ಆಗುತ್ತೆ ಸ್ವಾಮಿ. ಆದ್ರೆ ಲೆಕ್ಕ ತಪ್ಬೇಕಲ್ಲ? ಯಾರಾದ್ರೂ ಮುಟ್ಟಿ ಶಾಕ್ ಹೊಡೆಸ್ಕೊಂಡಾಗ ತಪ್ಪುತ್ತೆ. ಅರ್ತಿಂಗ್ ಇದ್ರೆ ಯಾರೂ ಮುಟ್ಟೋಕ್ ಮುಂಚೇನೇ ತಪ್ಪುತ್ತೆ." ಇದಕ್ಕಿಂತ ಚೆನ್ನಾಗಿ ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಊರೂರು ತಿರುಗುವಾಗ ವ್ಯಾನಿನ ಪಕ್ಕ ಒಂದು ಕಬ್ಬಿಣದ ಸಲಾಕೆ ಹೊಡೆದುಕೊಂಡರೆ ಸಾಲದಾ ಅನ್ನೋದು ಭಾವನ ಮುಂದಿನ ಐಡಿಯಾ. ಸಾಲದು. ಗಟ್ಟಿ ನೆಲದಲ್ಲಿ ಎರಡಡಿ ಇಳಿದ ಸಲಾಕೆಯ ತಡೆ 50 ಓಮ್ ಇದ್ದರೆ, 230 ವೋಲ್ಟಿಗೆ ಅದರಲ್ಲಿ ಹರಿಯೋದು ನಾಲ್ಕೂವರೆ ಆಂಪು ಚಿಲ್ಲರೆ. 16 ಆಂಪಿನ ಎಂಸಿಬಿ ಅಲ್ಲಾಡೋದೂ ಇಲ್ಲ, ವ್ಯಾನಿನ ಮೈಯಲ್ಲಿ ಕರೆಂಟು ಇದ್ದೇ ಇರುತ್ತೆ. ಅದಕ್ಕೇ ವ್ಯಾನಿನ ಒಳಗೂ ಒಂದು ಆರ್‌ಸಿಸಿಬಿ ಹಾಕಿಸಿದೆವು. ಜೊತೆಗೆ ಫೇಸು, ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಎಂಸಿಬಿ. ಯಾವ ಊರಿನ ಸಾಕೆಟ್ಟಿನಲ್ಲಿ ಯಾರು ಫೇಸು-ನ್ಯೂಟ್ರಲ್ ಅದಲು ಬದಲು ಮಾಡಿರ್ತಾರೋ, ಯಾರಿಗೆ ಗೊತ್ತು? ವ್ಯಾನಿನ ಇನ್ವರ್ಟರಿನ ಕರೆಂಟೂ ಹೊರಗಿನ ಕರೆಂಟೂ ಯಾವತ್ತೂ ಭೇಟಿಯಾಗದ ಹಾಗೆ ಒಂದು ಚೇಂಜ್ ಓವರ್ ಸ್ವಿಚ್ಚು.

ಪ್ಲಗ್ಗಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ ಬಂದೆವು. ಮಂಡಲಿ ಹಾಕೋ ಶಾಮಿಯಾನದವರು ಬಳಸೋ ನೀಲಿ ಬಣ್ಣದ ಇಂಡಸ್ಟ್ರಿಯಲ್ ಪ್ಲಗ್ ನೋಡಿರ್ತೀರಿ, 16 ಆಂಪಿನದು, ಮುಚ್ಚಳ ಇರೋದು. ಯುರೋಪಿನ ಕ್ಯಾರವಾನ್ ಪಾರ್ಕುಗಳಲ್ಲೂ ಕಂಬದಲ್ಲಿರೋದು ಅದೇ ನೀಲಿ. ಅಮೆರಿಕದ ಆರ್‌ವಿ ಪಾರ್ಕುಗಳಲ್ಲಿ 30 ಆಂಪು, 50 ಆಂಪು ಅಂತ ಬೇರೆ ಬೇರೆ ಸಾಕೆಟ್ಟಿನ ಕಂಬಗಳೇ ಇರ್ತವೆ, ಗಾಡಿ ತಂದು ನಿಲ್ಲಿಸೋದು, ಚುಚ್ಚೋದು. ನಮ್ಮಲ್ಲಿ ಅಂಥ ಜಾಗ ಅಪರೂಪ. ನಮ್ಮ ಕ್ಯಾರವಾನ್ ಪಾರ್ಕು ಅಂದರೆ ನೆಂಟರ ಮನೆಯ ಗೇಟು, ತೋಟದ ಪಂಪ್‌ಹೌಸು, ಢಾಬಾದ ಹಿಂಬಾಗಿಲು. ಹಾಗಾಗಿ ಅಲ್ಲಿ ಕಂಬ ಮಾಡೋ ಕೆಲಸವನ್ನು ಇಲ್ಲಿ ಗಾಡಿಯೇ ಹೊತ್ತುಕೊಂಡು ತಿರುಗಬೇಕು. ಪಿನ್ನುಗಳು ಒಳಗೆ ಅಡಗಿರುವ ಭಾಗ ವ್ಯಾನಿನ ಗೋಡೆಗೆ, ತೂತಿರುವ ಭಾಗ ವೈರಿನ ತುದಿಗೆ. ಈಗ ಕಳಚಿ ಬಿದ್ದರೂ ಬೆರಳಿಗೆ ಸಿಗುವಂಥದ್ದು ಏನೂ ಇಲ್ಲ.

ವೈರು ಮೂರು ಎಳೆಯದು, ಎರಡೂವರೆ ಸ್ಕ್ವೇರ್ ಎಂಎಂ. ಅಂಗಡಿಯಲ್ಲಿ ಸಿಗೋ ತೆಳ್ಳನೆ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ 6 ಆಂಪು ಅಂದರೆ ಸುಮಾರು 1,300 ವ್ಯಾಟು. ಭಾವನ ಇಂಡಕ್ಷನ್ ಒಲೆ ಒಂದೇ 2,000 ವ್ಯಾಟು. ಸುರುಳಿ ಬಿಚ್ಚದೆ ಬಳಸಿದರೆ ಬಿಸಿ ಹೊರಗೆ ಹೋಗದೆ ಸುರುಳಿಯೇ ಕರಗುತ್ತೆ, ಅದಕ್ಕೆ ಪೂರ್ತಿ ಬಿಚ್ಚಿ ಹಾಸಬೇಕು.

ಕೊನೆಗೆ ತಾತ ಭಾವನಿಗೆ ಕ್ರಮವನ್ನು ಬಾಯಿಪಾಠ ಮಾಡಿಸಿದರು. ಮೊದಲು ವ್ಯಾನಿನೊಳಗೆ ಎಲ್ಲ ಆಫ್. ಮನೆಯ ಸ್ವಿಚ್ ಆಫ್. ವೈರನ್ನು ಮೊದಲು ವ್ಯಾನಿಗೆ ಸಿಕ್ಕಿಸೋದು, ಆಮೇಲೆ ಮನೆಗೆ. ನಂತರ ಮನೆಯ ಸ್ವಿಚ್ ಆನ್. ವ್ಯಾನಿನ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತಾ ನೋಡೋದು. ಬಿದ್ದರೆ ಎತ್ತಿ, ಒಂದೊಂದಾಗಿ ಹಾಕಿಕೊಳ್ಳೋದು. ಬೀಳದಿದ್ದರೆ ಆ ರಾತ್ರಿ ಲೈನ್ ಬೇಡ. ಗುಂಡಿ ಒತ್ತಿದಾಗ ಬಿತ್ತು ಅಂದರೆ ಆರ್‌ಸಿಸಿಬಿ ಸರಿಯಿದೆ ಅಂತ ಮಾತ್ರ ಅರ್ಥ, ಆ ಜಾಗದಲ್ಲಿ ಅರ್ತ್ ಇದೆ ಅಂತಲ್ಲ. ಅದಕ್ಕೇ ಹೊಸ ಜಾಗದಲ್ಲಿ ಮೊದಲು ಸಾಕೆಟ್ ಪರೀಕ್ಷೆ. ಅದಕ್ಕೆ ಮೂರು ಲೈಟಿನ ಸಣ್ಣ ಟೆಸ್ಟರ್ ಪ್ಲಗ್ಗೇ ಸಿಗುತ್ತೆ, ಚುಚ್ಚಿದರೆ ಅರ್ತ್ ಇಲ್ಲದ್ದನ್ನೂ, ಫೇಸ್ ಅದಲುಬದಲಾಗಿದ್ದನ್ನೂ ತೋರಿಸುತ್ತೆ. ಹೊರಡುವಾಗ ಎಲ್ಲ ಆಫ್ ಮಾಡಿ ಮೊದಲು ಮನೆ ಕಡೆಯದು ಕೀಳೋದು, ಆಮೇಲೆ ವ್ಯಾನಿನದು. ಜುಮ್ ಅಂದರೆ ಚಪ್ಪಲಿ ಹುಡುಕೋದಲ್ಲ, ಮೈನ್ ಆಫ್ ಮಾಡೋದು.

ಅಜ್ಜಿಯ ಆಪರೇಷನ್ ಚೆನ್ನಾಗಿ ಆಯಿತು. ಉಳಿದ ರಾತ್ರಿಗಳನ್ನು ಅವರು ವ್ಯಾನಿನಲ್ಲೇ, ತಮ್ಮ ಕಿಟಕಿಯ ಪಕ್ಕದ ಮಂಚದಲ್ಲೇ ಕಳೆದರು. ಅವರಿಗೆ ಈ ಯಾವ ವಿಷಯವೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ನಿಮ್ಮ ಹತ್ತಿರ ವ್ಯಾನ್ ಇಲ್ಲದಿರಬಹುದು. ಆದರೆ ಸಂಜೆ ಹೊತ್ತು ವಿಜಯನಗರದಿಂದ ಕೆಂಗೇರಿ ತನಕ ಒಮ್ಮೆ ಕಣ್ಣು ಹಾಯಿಸಿ. ಎಷ್ಟು ಮೊದಲ ಮಹಡಿಯ ಕಿಟಕಿಗಳಿಂದ ಎಲೆಕ್ಟ್ರಿಕ್ ಸ್ಕೂಟರಿಗೆ ವೈರು ಇಳಿಬಿದ್ದಿರುತ್ತೆ! ಅದೂ ಟೈರಿನ ಮೇಲೆ ನಿಂತ ಲೋಹ, ಅದಕ್ಕೂ ಮಳೆ ಬರುತ್ತೆ, ಅದನ್ನೂ ಮಕ್ಕಳು ಮುಟ್ಟುತ್ತಾರೆ. ಹಬ್ಬದ ಪೆಂಡಾಲಿನ ಕಬ್ಬಿಣದ ಕಂಬವೂ ಅಷ್ಟೇ. ಯಾರಾದರೂ ಲೈನ್ ಕೇಳಿದರೆ ಇಲ್ಲ ಅನ್ನಬೇಡಿ, ಅದು ನಮ್ಮ ಬೀದಿಗಳ ಒಳ್ಳೇ ಗುಣ. ಕೊಡೋವಾಗ ಮೂರನೇ ತಂತಿಯನ್ನೂ ಸೇರಿಸಿ ಕೊಡಿ. ಮತ್ತೆ ನಿಮ್ಮ ಮನೆಯ ನೀರಿನ ಪೈಪು ಇತ್ತೀಚೆಗೆ ಕಬ್ಬಿಣದಿಂದ ಪ್ಲಾಸ್ಟಿಕ್ಕಿಗೆ ಬದಲಾಗಿದ್ದರೆ, ಈ ಭಾನುವಾರವೇ ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಆಯ್ತಾ?